ಕರೆಂಟ್ ಕೊಟ್ಟ ಮೇಲೆ ಜೀವಕೋಶದೊಳಗೆ ಏನಾಗುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೈದ್ಯೆಯಲ್ಲ. ಮುಂಬೈನ ಒಂದು ಲ್ಯಾಬಿನಲ್ಲಿ 28 ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು ಕ್ರೋಮೋಸೋಮ್, ಅಂದರೆ ಕೋಶದೊಳಗಿನ ಡಿಎನ್‌ಎ ಕಟ್ಟುಗಳನ್ನು, ಎಣಿಸಿದವಳು. ರಿಟೈರ್ ಆದ ಮೇಲೆ ಡೊಂಬಿವಲಿಯ ನಮ್ಮ ಮನೆಗೆ ಊರ ಕಡೆಯವರ ಫೋನು ಜಾಸ್ತಿಯಾಯಿತು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಯಿಂದ ಬಂದವರು, ಮತ್ಸ್ಯಗಂಧದಲ್ಲಿ ಕುಂದಾಪುರದಿಂದ ಬಂದವರು, ಪರೇಲಿನ ಟಾಟಾ ಆಸ್ಪತ್ರೆಯ ಫೈಲು ಕಂಕುಳಲ್ಲಿ ಇಟ್ಟುಕೊಂಡು ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯ ಬಗ್ಗೆ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಊರ ಮಾತಿನಲ್ಲಿ ಅದೇ ‘ಕರೆಂಟ್’. ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗಲೂ ಇವೇ. ಕೆಲವರು ಕಾಗದ ಬರೆದೂ ಕೇಳಿದ್ದಾರೆ. ಅವರವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಯಾವ ಚಿಕಿತ್ಸೆ, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಒಳಗೆ ಏನು ನಡೆಯುತ್ತದೆ ಅನ್ನುವುದಷ್ಟೇ ನನ್ನ ಪಾಲು.

## ಶುರುವಿನ ಪ್ರಶ್ನೆಗಳು

ನಮ್ಮ ಅವ್ವಗ ಕರೆಂಟ್ ಕೊಡ್ತಾರಂತ್ರಿ. ಖರೇನ ಕರೆಂಟ್ ಹಾಯಸ್ತಾರೇನ್ರಿ?

ಇಲ್ಲ. ನಮ್ಮ ಕಡೆ ಎಲ್ಲರೂ ‘ಕರೆಂಟ್’ ಅನ್ನುತ್ತಾರೆ. ಮುಂಬೈನ ವಾರ್ಡುಗಳಲ್ಲಿ ಹಿಂದಿಯವರು ‘ಸಿಕಾಯಿ’ ಅನ್ನುತ್ತಾರೆ, ಅಂದರೆ ಶಾಖ ಕೊಡುವುದು. ವಿಜಯಪುರದ ಒಬ್ಬ ಅಜ್ಜಿ ಅದನ್ನು ಸೀಗೆಕಾಯಿ ಅಂತ ಕೇಳಿಸಿಕೊಂಡು, ‘ಕೂದಲು ಉದುರ್ತಾವಂತಾರ, ಮತ್ತ ಸೀಗೆಕಾಯಿ ಯಾಕ’ ಅಂತ ಕೇಳಿದ್ದರು. ಅದು ಕರೆಂಟೂ ಅಲ್ಲ, ಶಾಖವೂ ಅಲ್ಲ. ತುಂಬಾ ಬಲವಾದ ಎಕ್ಸ್-ರೇ, ಅಥವಾ ಕೋಬಾಲ್ಟ್-60 ಅನ್ನುವ ಲೋಹದಿಂದ ಬರುವ ಗಾಮಾ ಕಿರಣ. ಕೋಬಾಲ್ಟಿನ ಮಷಿನ್ ಒಂದನ್ನು ಟ್ರಾಂಬೆಯ ಬಾಬಾ ಅಣು ಸಂಶೋಧನಾ ಕೇಂದ್ರದವರೇ ಮಾಡಿದ್ದಾರೆ. ಅದರ ಹೆಸರು ಬಾಬಾಟ್ರಾನ್.

ಕಿರಣ ಮೈಯೊಳಗೆ ಹಾಯುವಾಗ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಚೆಲ್ಲುತ್ತದೆ. ಆ ಎಲೆಕ್ಟ್ರಾನುಗಳ ಓಟದ ದಾರಿಯಲ್ಲಿ ಡಿಎನ್‌ಎ, ಅಂದರೆ ಕೋಶದ ಕೆಲಸವನ್ನೆಲ್ಲ ಅಕ್ಷರ ಅಕ್ಷರವಾಗಿ ಬರೆದಿಟ್ಟ ದಾರ, ಸಿಕ್ಕರೆ ಅದಕ್ಕೆ ಪೆಟ್ಟಾಗುತ್ತದೆ. ಮುಂದಿನ ಕಥೆಯೆಲ್ಲ ಆ ಪೆಟ್ಟಿನದ್ದು.

ಮಷಿನ್ ಕೆಳಗೆ ಮಲಗಿದರೆ ಏನೂ ಗೊತ್ತೇ ಆಗಲ್ಲ. ಬಿಸಿ ಇಲ್ಲ, ನೋವಿಲ್ಲ. ಸುಮ್ನೆ ಮಲಗಿಸಿ ಕಳಿಸ್ತಾರಾ?

ವಿಕಿರಣವನ್ನು ‘ಗ್ರೇ’ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಒಂದು ಕಿಲೋ ಮೈಗೆ ಒಂದು ಜೌಲ್ ಶಕ್ತಿ ಸೇರಿದರೆ ಅದು 1 ಗ್ರೇ. ಇಡೀ ಮೈಗೆ ಒಟ್ಟಿಗೆ 4 ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಹೆಚ್ಚುಕಮ್ಮಿ ಅರ್ಧ ಜನ ಬದುಕುವುದಿಲ್ಲ. ಆದರೆ ಅಷ್ಟರಿಂದ ಮೈ ಬಿಸಿಯಾಗುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲು! ಸ್ಟೇಷನ್ ಹೊರಗೆ ಒಂದು ಕಟಿಂಗ್ ಚಹಾ ಕುಡಿದರೆ ಇದಕ್ಕಿಂತ ಜಾಸ್ತಿ ಶಾಖ ಹೊಟ್ಟೆಗೆ ಹೋಗುತ್ತದೆ.

ಹಾಗಾಗಿ ಶಕ್ತಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಬಿತ್ತು ಅನ್ನುವುದೇ ಮುಖ್ಯ. ಚಹಾದ ಶಾಖ ಮೈಯೆಲ್ಲ ಹರಡಿಹೋಗುತ್ತದೆ. ಕಿರಣದ ಶಕ್ತಿ ಗೋಣಿದಾರಕ್ಕೆ ಬ್ಲೇಡು ತಾಗಿದ ಹಾಗೆ ಒಂದೊಂದೇ ಜಾಗದಲ್ಲಿ ಬೀಳುತ್ತದೆ. ಇನ್ನೊಂದು ವಿಷಯ: ಎಲ್ಲ ಪೆಟ್ಟೂ ನೇರವಾಗಿ ಡಿಎನ್‌ಎಗೆ ಬೀಳುವುದಿಲ್ಲ. ಕೋಶದಲ್ಲಿ ಇರುವುದು ಬಹುಪಾಲು ನೀರು. ಕಿರಣ ನೀರನ್ನು ಒಡೆದಾಗ ಹೈಡ್ರಾಕ್ಸಿಲ್ ರಾಡಿಕಲ್ ಅನ್ನುವ ಪುಂಡ ಅಣು ಹುಟ್ಟುತ್ತದೆ. ಪಕ್ಕದಲ್ಲಿ ಸಿಕ್ಕಿದ್ದನ್ನು ಕಚ್ಚುವುದೇ ಅದರ ಕೆಲಸ. ಎಕ್ಸ್-ರೇ, ಗಾಮಾ ಕಿರಣಗಳಿಂದ ಡಿಎನ್‌ಎಗೆ ಆಗುವ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು ಈ ನೀರಿನ ದಾರಿಯಲ್ಲೇ ಬರುತ್ತದೆ.

ಒಂದು ಕೋಶದಲ್ಲಿ ಎಷ್ಟು ಕಡೆ ಮುರಿಯುತ್ತೆ?

1 ಗ್ರೇಗೆ ಲೆಕ್ಕ ಹೇಳುತ್ತೇನೆ. ಡಿಎನ್‌ಎ ಎರಡೆಳೆ ಹುರಿ ಅಂತ ಇಟ್ಟುಕೊಳ್ಳಿ. ಒಂದೇ ಎಳೆ ಹರಿಯುವುದು ಸುಮಾರು 1000 ಕಡೆ. ಎರಡೂ ಎಳೆ ಹತ್ತಿರ ಹತ್ತಿರ ಹರಿದು ಹುರಿಯೇ ತುಂಡಾಗುವುದು 40 ಕಡೆ. ಮೊದಲನೆಯದು ದೊಡ್ಡ ವಿಷಯವೇ ಅಲ್ಲ. ಉಳಿದ ಎಳೆಯನ್ನು ನೋಡಿಕೊಂಡು ಕೋಶ ಸರಿಮಾಡಿಕೊಳ್ಳುತ್ತದೆ. ಉಸಿರಾಟ, ಮೈಶಾಖ ಇವುಗಳಿಂದಲೇ ಪ್ರತಿ ಕೋಶದ ಡಿಎನ್‌ಎಗೆ ದಿನಕ್ಕೆ ಹತ್ತಾರು ಸಾವಿರ ಸಣ್ಣ ಗಾಯ ಆಗುತ್ತಲೇ ಇರುತ್ತದೆ, ವಾಸಿಯೂ ಆಗುತ್ತದೆ. ಈ ದಿನನಿತ್ಯದ ರಿಪೇರಿಯನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮೋಡ್ರಿಚ್, ಸಂಜಾರ್ ಮೂವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಎದೆ ಝಲ್ ಅನ್ನಬೇಕಾದ್ದು ಆ 40ಕ್ಕೆ. ತುಂಡಾದ ಹುರಿಯಲ್ಲಿ ನೋಡಿಕೊಳ್ಳಲು ಪಕ್ಕದ ಎಳೆ ಇರುವುದಿಲ್ಲ.

ಟ್ರೀಟ್‌ಮೆಂಟ್ ಮುಗಿಸಿ ಬಂದವರ ತೊಡೆ ಮೇಲೆ ಮಗು ಕೂರಿಸಬಹುದಾ?

ಹೊರಗಿನಿಂದ ಮಷಿನ್ನಲ್ಲಿ ಕೊಟ್ಟಿದ್ದರೆ ಧಾರಾಳವಾಗಿ. ಟಾರ್ಚ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುವುದಿಲ್ಲ, ಅಲ್ವಾ? ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಕುಡಿಸಿದ್ದರೆ ಮಾತು ಬೇರೆ. ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ಎಷ್ಟು ದಿನ ಅಂತ ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ.

ವರ್ಷಕ್ಕೆ ಎರಡು ಸಲ ಎಕ್ಸ್-ರೇ, ಒಂದು ಸಿಟಿ ಸ್ಕ್ಯಾನ್ ಆಗಿದೆ. ಡಿಎನ್‌ಎ ಎಲ್ಲ ಚಿಂದಿ ಆಗಿರುತ್ತಾ?

ಮೇಲಿನ ಲೆಕ್ಕವನ್ನೇ ಇಳಿಸಿ ನೋಡಿ. ಎದೆಯ ಎಕ್ಸ್-ರೇ ಅಂದರೆ ಸುಮಾರು 0.1 ಮಿಲಿಸೀವರ್ಟ್, ಹೊಟ್ಟೆಯ ಸಿಟಿ ಸುಮಾರು 10. ಏನೂ ಮಾಡಿಸದೆ ಸುಮ್ನೆ ಮನೆಯಲ್ಲಿ ಕೂತವರಿಗೂ ನೆಲ, ಗಾಳಿ, ಆಕಾಶ, ಊಟ ಎಲ್ಲ ಸೇರಿ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಮಿಲಿಸೀವರ್ಟ್. ಎಕ್ಸ್-ರೇಯಲ್ಲಿ 1 ಗ್ರೇ ಅಂದರೆ 1000 ಮಿಲಿಸೀವರ್ಟ್. ಅಷ್ಟಕ್ಕೆ 40 ತುಂಡು ಅಂತಾದರೆ, 1 ಮಿಲಿಸೀವರ್ಟಿಗೆ 25 ಕೋಶಗಳಲ್ಲಿ ಒಂದಕ್ಕೆ ಒಂದು ತುಂಡು. ಚಿಂದಿ ಅನ್ನುವ ಮಾತೇ ಇಲ್ಲ. ಹಾಗಂತ ತಲೆನೋವು ಬಂದಾಗಲೆಲ್ಲ ‘ಒಂದು ಸಿಟಿ ಮಾಡಿಸಿಬಿಡೋಣ’ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಮಕ್ಕಳ ವಿಷಯದಲ್ಲಂತೂ ಬೇಡವೇ ಬೇಡ. ಡಾಕ್ಟರ್ ಬೇಕು ಅಂದರೆ ಮಾಡಿಸಿ, ನೀವಾಗಿ ಕೇಳಬೇಡಿ.

## ಕೋಶದ ಒಳಗೆ

ಕೋಶಕ್ಕೆ ಕಣ್ಣಿಲ್ಲ. ಇಷ್ಟುದ್ದದ ಡಿಎನ್‌ಎಯಲ್ಲಿ ಒಂದು ಕಡೆ ತುಂಡಾದದ್ದು ಹೇಗೆ ಗೊತ್ತಾಗುತ್ತೆ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಒಂದು ಕೋಶದ ಡಿಎನ್‌ಎ ಬಿಚ್ಚಿ ಹಾಸಿದರೆ ಸುಮಾರು 2 ಮೀಟರ್. ಅದರಲ್ಲಿ 600 ಕೋಟಿ ಅಕ್ಷರ ಜೋಡಿ. ಅಷ್ಟರಲ್ಲಿ ಒಂದು ಕಡೆ ತುಂಡಾದರೆ ನಿಮಿಷಗಳೊಳಗೆ ಸುದ್ದಿ ಮುಟ್ಟುತ್ತದೆ.

ಎಂಆರ್‌ಎನ್ ಅಂತ ಮೂರು ಪ್ರೋಟೀನುಗಳ ಒಂದು ಗುಂಪು ಇದೆ. ಬಿಡಿ ತುದಿ ಕಂಡರೆ ಹೋಗಿ ಹಿಡಿದುಕೊಳ್ಳುವುದು ಅದರ ಕಸುಬು. ಗಟ್ಟಿ ಇರುವ ಡಿಎನ್‌ಎಗೆ ನಡುವೆ ತುದಿ ಇರುವುದಿಲ್ಲ, ಹಾಗಾಗಿ ತುದಿ ಕಂಡಿತು ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಈ ಗುಂಪು ಎಟಿಎಂ ಅನ್ನುವ ದೊಡ್ಡ ಪ್ರೋಟೀನನ್ನು ಎಬ್ಬಿಸುತ್ತದೆ. ಎಟಿಎಂ ಎದ್ದ ಕೂಡಲೇ ಅಕ್ಕಪಕ್ಕದವರಿಗೆಲ್ಲ ಫಾಸ್ಫೇಟ್ ಅಂಟಿಸುತ್ತಾ ಹೋಗುತ್ತದೆ. ಕೋಶದ ಭಾಷೆಯಲ್ಲಿ ಫಾಸ್ಫೇಟ್ ಅಂಟಿಸುವುದು ಅಂದರೆ ‘ಏಳು, ಕೆಲಸ ಇದೆ’ ಅಂದ ಹಾಗೆ.

ಅದು ಮೊದಲು ಗುರುತು ಹಾಕುವುದು ಡಿಎನ್‌ಎ ಸುತ್ತಿಕೊಂಡಿರುವ ಉರುಳೆಗಳಿಗೆ. ಎಚ್2ಎಎಕ್ಸ್ ಅನ್ನುವ ಉರುಳೆ ಪ್ರೋಟೀನಿಗೆ ಫಾಸ್ಫೇಟ್ ಬಿದ್ದರೆ ಅದನ್ನು ಗಾಮಾ-ಎಚ್2ಎಎಕ್ಸ್ ಅನ್ನುತ್ತೇವೆ. ಇದನ್ನು ಮೊದಲು ತೋರಿಸಿದ್ದು 1998ರಲ್ಲಿ. ತುಂಡಾದ ಒಂದೇ ಜಾಗದ ಎರಡೂ ಕಡೆ ಲಕ್ಷಗಟ್ಟಲೆ ಅಕ್ಷರಗಳ ದೂರಕ್ಕೆ ಈ ಗುರುತು ಹರಡುತ್ತದೆ. ಅದಕ್ಕೇ ನಮಗೆ ಕಾಣುತ್ತದೆ. ಹಸಿರಾಗಿ ಹೊಳೆಯುವ ಪ್ರತಿಕಾಯ ಹಾಕಿ, ಕೋಣೆಯ ದೀಪ ಆರಿಸಿ, ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೋಡಬೇಕು. ನೀಲಿ ಕೋಶಕೇಂದ್ರ, ಅದರೊಳಗೆ ಸಾಸಿವೆ ಕಾಳಿನಂಥ ಹಸಿರು ಚುಕ್ಕಿ. ಒಂದು ಚುಕ್ಕಿ ಅಂದರೆ ಹೆಚ್ಚುಕಮ್ಮಿ ಒಂದು ತುಂಡು. ಕಿರಣ ಕೊಟ್ಟು ಅರ್ಧ ಗಂಟೆಗೆ ಚುಕ್ಕಿ ತುಂಬಿರುತ್ತವೆ. ಅದೇ ಬ್ಯಾಚಿನ ಕೋಶಗಳನ್ನು ಮರುದಿನ ನೋಡಿದರೆ ಒಂದೋ ಎರಡೋ. ಮೊದಲ ಸಲ ನೋಡಿದಾಗ ಯಾರೋ ರಾತ್ರಿ ಬಂದು ಒರೆಸಿಹೋದ ಹಾಗೆ ಅನಿಸಿತ್ತು.

ಎಟಿಎಂ ಅಂತ ಹೆಸರು ಯಾಕೆ? ದುಡ್ಡಿಗೂ ಅದಕ್ಕೂ ಸಂಬಂಧ ಇದೆಯಾ?

ಇಲ್ಲ ಮಾರಾಯ್ರೆ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅನ್ನುವ ಅಪರೂಪದ ಕಾಯಿಲೆಯ ಮೊದಲಕ್ಷರಗಳು, ಕೊನೆಯ ‘ಎಂ’ ಅಂದರೆ ಮ್ಯುಟೇಟೆಡ್, ಜೀನ್ ಕೆಟ್ಟಿದೆ ಅಂತ. ಈ ಮಕ್ಕಳಿಗೆ ನಡಿಗೆ ತಪ್ಪುತ್ತದೆ, ಸೋಂಕು ಜಾಸ್ತಿ, ರಕ್ತದ ಕ್ಯಾನ್ಸರಿನ ಅಪಾಯವೂ ಜಾಸ್ತಿ. ಮಾಮೂಲಿ ಪ್ರಮಾಣದ ವಿಕಿರಣ ಚಿಕಿತ್ಸೆಯನ್ನೂ ಮೈ ತಡೆಯುವುದಿಲ್ಲ. ಆ ಜೀನ್ ಸಿಕ್ಕಿದ್ದು 1995ರಲ್ಲಿ, ಇಸ್ರೇಲಿನ ಯೋಸೆಫ್ ಶಿಲೋ ಅವರ ತಂಡಕ್ಕೆ. ಸುದ್ದಿ ಮುಟ್ಟಿಸುವವನೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಆ ಮಕ್ಕಳಿಂದ ತಿಳಿಯಿತು.

ಸುದ್ದಿ ಮುಟ್ಟಿದ ಕೂಡಲೇ ರಿಪೇರಿ ಶುರು ಮಾಡುತ್ತಾ?

ರಿಪೇರಿಯವರು ಬರುತ್ತಾರೆ, ಆದರೆ ಅದರ ಜೊತೆಗೇ ಇನ್ನೊಂದು ಆಗಬೇಕು: ಗಾಡಿ ನಿಲ್ಲಬೇಕು. ಭಾನುವಾರದ ಮೆಗಾ ಬ್ಲಾಕ್ ಬಗ್ಗೆ ಮುಂಬೈಯವರಿಗೆ ನಾನು ಹೇಳಿಕೊಡಬೇಕಿಲ್ಲ. ಹಳಿ ಕೆಲಸ ಇದ್ದಾಗ ಲೋಕಲ್ ಓಡಿಸಿಕೊಂಡೇ ಮಾಡಲು ಆಗುವುದಿಲ್ಲ. ಕೋಶಕ್ಕೂ ಹಾಗೇ. ಎರಡಾಗುವ ಮೊದಲು ಅದು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ತುಂಡಾದ ಡಿಎನ್‌ಎಯನ್ನು ನಕಲು ಮಾಡಲು ಹೋದರೆ ತಪ್ಪು ಪ್ರತಿ ಬರುತ್ತದೆ. ಎರಡು ಪಾಲು ಮಾಡಲು ಹೋದರೆ ತುಂಡು ಎಲ್ಲೋ ಬಿದ್ದುಹೋಗುತ್ತದೆ. ಅದಕ್ಕೆ ನಕಲಿಗೆ ಮೊದಲು ಒಂದು ತಡೆ, ನಕಲು ನಡೆಯುವಾಗ ನಿಧಾನಿಸಲು ಒಂದು, ಪಾಲಾಗುವ ಮೊದಲು ಇನ್ನೊಂದು ತಡೆ. ಎಟಿಎಂ ಕೈಕೆಳಗಿನ ಚೆಕ್2, ಅದರ ಜೊತೆಗಾರ ಚೆಕ್1 ಈ ಕೆಂಪು ದೀಪ ಹಾಕುತ್ತವೆ.

ಇದನ್ನು ಚಂದವಾಗಿ ತೋರಿಸಿದ್ದು 1988ರಲ್ಲಿ, ವೈನರ್ಟ್ ಮತ್ತು ಹಾರ್ಟ್‌ವೆಲ್. ಅವರು ಬಳಸಿದ್ದು ಬ್ರೆಡ್ಡಿಗೆ ಹಾಕುವ ಯೀಸ್ಟ್. ಕಿರಣ ಬಿದ್ದರೆ ಮಾಮೂಲಿ ಯೀಸ್ಟ್ ನಿಲ್ಲುತ್ತದೆ, ರಿಪೇರಿ ಮಾಡಿಕೊಂಡು ಮುಂದೆ ಹೋಗುತ್ತದೆ. ರ‍್ಯಾಡ್9 ಅನ್ನುವ ಜೀನ್ ಕೆಟ್ಟ ಯೀಸ್ಟ್ ನಿಲ್ಲದೆ ಓಡಿ ಸಾಯುತ್ತಿತ್ತು. ರಿಪೇರಿ ಬರದೆ ಸಾಯುತ್ತಿದೆಯೋ, ನಿಲ್ಲದೆ ಸಾಯುತ್ತಿದೆಯೋ? ಒಂದು ರಾಸಾಯನಿಕ ಹಾಕಿ ಅದನ್ನು ಬಲವಂತವಾಗಿ ಕೆಲವು ಗಂಟೆ ನಿಲ್ಲಿಸಿದರು. ಹೆಚ್ಚು ಯೀಸ್ಟ್ ಬದುಕಿಕೊಂಡವು! ಕೈಯಲ್ಲಿ ಕೆಲಸ ಇತ್ತು, ಸಮಯ ಇರಲಿಲ್ಲ ಅಷ್ಟೇ. ಕೋಶಚಕ್ರದ ಕೆಲಸಕ್ಕೆ ಹಾರ್ಟ್‌ವೆಲ್‌ಗೆ 2001ರಲ್ಲಿ ನೊಬೆಲ್ ಬಂತು.

ಪಿ53 ಪಿ53 ಅಂತ ರಿಪೋರ್ಟಿನಲ್ಲಿ ಬರೆದಿರ್ತಾರಲ್ಲ, ಅದೇನು?

1979ರಲ್ಲಿ ಸಿಕ್ಕ ಪ್ರೋಟೀನ್. ಮೊದಲು ಇದೇ ಕ್ಯಾನ್ಸರ್ ತರುತ್ತದೆ ಅಂದುಕೊಂಡಿದ್ದರು. ಹತ್ತು ವರ್ಷ ಆದ ಮೇಲೆ, ಇದು ತಡೆಯುವವನು ಅಂತ ಗೊತ್ತಾಯಿತು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಲ್ಲಿ ಇದರ ಜೀನ್ ಕೆಟ್ಟಿರುತ್ತದೆ.

ಇದರ ರೀತಿ ವಿಚಿತ್ರ. ಆರೋಗ್ಯದ ಕೋಶದಲ್ಲಿ ಪಿ53 ಸದಾ ತಯಾರಾಗುತ್ತಿರುತ್ತದೆ, ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಸದಾ ಕಸಕ್ಕೆ ಕಳಿಸುತ್ತಿರುತ್ತದೆ. ಮಾಡುವುದು, ಎಸೆಯುವುದು. ದಂಡ ಅನಿಸಬಹುದು. ಆದರೆ ಮಾಟುಂಗಾದ ಹೋಟೆಲಿನಲ್ಲಿ ಗಿರಾಕಿ ಇಲ್ಲದಿದ್ದರೂ ದೋಸೆ ಕಾವಲಿ ಕಾಯಿಸಿಟ್ಟಿರುತ್ತಾರೆ ನೋಡಿ, ಹಾಗೆ. ಡಿಎನ್‌ಎ ತುಂಡಾದ ಕೂಡಲೇ ಎಟಿಎಂ ಬಂದು ಎಸೆಯುವುದನ್ನು ನಿಲ್ಲಿಸುತ್ತದೆ. ಹೊಸದಾಗಿ ಮಾಡಬೇಕಿಲ್ಲ, ತಾನೇ ತುಂಬಿಕೊಳ್ಳುತ್ತದೆ. ತುಂಬಿದ ಪಿ53 ಮೊದಲು ಪಿ21 ಅನ್ನುವ ಬ್ರೇಕ್ ಹಾಕಿಸುತ್ತದೆ. ಮುರಿತ ಉಳಿದಿರುವ ತನಕ ಪಿ53 ಪ್ರಮಾಣ ಅಲೆ ಅಲೆಯಾಗಿ ಏರಿಳಿಯುತ್ತದೆ; ಒಂದು ಬಗೆಯ ಸ್ತನ ಕ್ಯಾನ್ಸರ್ ಕೋಶದಲ್ಲಿ ಅಳೆದಾಗ ಸುಮಾರು ಐದೂವರೆ ಗಂಟೆಗೊಂದು ಅಲೆ ಇತ್ತು.

ರಿಪೇರಿ ಆಯಿತು ಅಂದರೆ ಬ್ರೇಕ್ ಬಿಡುತ್ತದೆ. ಆಗುವ ಲಕ್ಷಣ ಇಲ್ಲ ಅಂದರೆ ಎರಡು ದಾರಿ. ಒಂದು, ಕೋಶ ಬದುಕಿದ್ದೂ ಇನ್ನೆಂದೂ ಎರಡಾಗದ ಹಾಗೆ ಮುದಿಯಾಗಿ ಕೂರುವುದು. ಇನ್ನೊಂದು, ತನ್ನನ್ನು ತಾನೇ ಮಡಚಿ ಮುಗಿಸಿಕೊಳ್ಳುವುದು. ಲಿಂಫೋಸೈಟು ಅನ್ನುವ ರಕ್ತದ ಬಿಳಿಕಣಗಳು ಎರಡನೆಯದಕ್ಕೆ ಹೆಚ್ಚು ಯೋಚಿಸುವುದಿಲ್ಲ, ಗಂಟೆಗಳಲ್ಲಿ ಹೋಗುತ್ತವೆ. ನಮ್ಮಲ್ಲಿ ಪಿ53 ಜೀನ್ ಎರಡು ಪ್ರತಿ ಇದ್ದರೆ ಆನೆಯಲ್ಲಿ 20 ಜೊತೆ ಇವೆ. ಅಷ್ಟು ದೊಡ್ಡ ಮೈಯಿದ್ದೂ ಆನೆಗೆ ಕ್ಯಾನ್ಸರ್ ಕಮ್ಮಿ. ಇದಕ್ಕೆ ಅದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ತುಂಡಾದದ್ದನ್ನು ಅಂಟಿಸೋದು ಹೇಗೆ? ಗಮ್ ಇದೆಯಾ?

ಇದೆ, ಲೈಗೇಸ್ ಅಂತ. ಆದರೆ ಅಂಟಿಸುವ ರೀತಿ ಎರಡು. ಮೊದಲನೆಯದು ಅವಸರದ್ದು. ಕು ಅನ್ನುವ ಬಳೆಯಂಥ ಪ್ರೋಟೀನ್ ಎರಡೂ ತುದಿಗೆ ತೊಟ್ಟುಕೊಳ್ಳುತ್ತದೆ, ತುದಿಗಳನ್ನು ಹತ್ತಿರ ಎಳೆದು, ನಾರು ಬಿಟ್ಟಿದ್ದರೆ ಸವರಿ, ಲೈಗೇಸ್-4 ಬೆಸೆಯುತ್ತದೆ. ಸವರುವಾಗ ಒಂದೆರಡು ಅಕ್ಷರ ಹೋಗಬಹುದು. ವಿಕಿರಣದ ತುಂಡುಗಳು ಹೆಚ್ಚಿನವು ಸರಿಯಾಗುವುದು ಹೀಗೆಯೇ, ಯಾವ ಹೊತ್ತಿನಲ್ಲಾದರೂ.

ಎರಡನೆಯದು ನಿಧಾನದ್ದು. ಹರಿದ ಪಹಣಿಯನ್ನು ಇನ್ನೊಂದು ಝೆರಾಕ್ಸ್ ಪ್ರತಿ ನೋಡಿಕೊಂಡು ಬರೆದ ಹಾಗೆ. ಬಿಆರ್‌ಸಿಎ2 ಎಂಬ ಪ್ರೋಟೀನ್ ರ‍್ಯಾಡ್51 ಎಂಬ ಇನ್ನೊಂದನ್ನು ಹರಿದ ತುದಿಗೆ ಏರಿಸುತ್ತದೆ, ಅದು ಅದೇ ಅಕ್ಷರಗಳಿರುವ ಇನ್ನೊಂದು ಪ್ರತಿಯನ್ನು ಹುಡುಕಿ ಪಕ್ಕದಲ್ಲಿಟ್ಟು ತಪ್ಪಿಲ್ಲದೆ ತುಂಬಿಸುತ್ತದೆ. ಆದರೆ ಝೆರಾಕ್ಸ್ ಇರಬೇಕಲ್ಲ? ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಿದ ಮೇಲೆ, ಪಾಲಾಗುವ ಮೊದಲು ಮಾತ್ರ ಅದು ಸಿಗುವುದು.

ಅವಸರದಲ್ಲಿ ತಪ್ಪು ತುದಿಗೆ ತಪ್ಪು ತುದಿ ಅಂಟಿದರೆ?

ಅದೇ ನಾನು 28 ವರ್ಷ ನೋಡಿದ್ದು. ಪ್ರತಿ ಕ್ರೋಮೋಸೋಮಿಗೂ ಒಂದು ಸೊಂಟ ಇರುತ್ತದೆ, ಕೋಶ ಎರಡಾಗುವಾಗ ಹಿಡಿದು ಎಳೆಯುವುದು ಅದನ್ನೇ. ಎರಡು ಬೇರೆ ಬೇರೆ ಕ್ರೋಮೋಸೋಮ್ ಮುರಿದು ಒಂದಕ್ಕೊಂದು ಅಂಟಿದರೆ ಎರಡು ಸೊಂಟ ಇರುವ ಕ್ರೋಮೋಸೋಮ್ ಆಗುತ್ತದೆ. ಡೈಸೆಂಟ್ರಿಕ್ ಅನ್ನುತ್ತಾರೆ. ಕೋಶ ಎರಡಾಗುವಾಗ ಒಂದು ಸೊಂಟವನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಎಳೆದರೆ ಹಗ್ಗಜಗ್ಗಾಟ. ಅಲ್ಲಿಗೆ ಕೋಶದ ಕಥೆ ಬಹುಪಾಲು ಮುಗಿಯಿತು.

ಇದರಿಂದ ಒಂದು ಉಪಕಾರವೂ ಇದೆ. ಅಪಘಾತದಲ್ಲಿ ಯಾರಿಗೆ ಎಷ್ಟು ವಿಕಿರಣ ತಾಗಿತು ಅಂತ ಅಳೆಯಲು ಅವರ ಜೇಬಿನಲ್ಲಿ ಮೀಟರ್ ಇರುವುದಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಕೋಬಾಲ್ಟ್-60 ಗುಜರಿಗೆ ಬಂದು ಒಬ್ಬರು ತೀರಿಹೋದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ರಕ್ತ ತೆಗೆದು, 48 ಗಂಟೆ ಬೆಳೆಸಿ, ಎರಡು ಸೊಂಟದವನ್ನು ಎಣಿಸಿದರೆ ಡೋಸ್ ಲೆಕ್ಕ ಸಿಗುತ್ತದೆ.

## ಚಿಕಿತ್ಸೆಯ ನಡುವೆ

ದಿನಾ ಚೂರು ಚೂರು ಯಾಕೆ ಕೊಡ್ತಾರೆ? ಒಂದೇ ಸಲ ಕೊಟ್ಟು ಮುಗಿಸಿದ್ರೆ ರೂಮ್ ಬಾಡಿಗೆ ಆದ್ರೂ ಉಳೀತಿತ್ತು.

ಬಾಡಿಗೆಯ ಸಂಕಟ ನನಗೆ ಗೊತ್ತು. ಆದರೆ ಈ ಚೂರು ಚೂರಿನಲ್ಲೇ ಇಡೀ ಚಿಕಿತ್ಸೆಯ ಜಾಣತನ ಇದೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಐದರಿಂದ ಏಳು ವಾರ.

ಕಿರಣದ ದಾರಿಯಲ್ಲಿ ಗಡ್ಡೆಯೂ ಇರುತ್ತದೆ, ಒಳ್ಳೆಯ ಕೋಶವೂ ಇರುತ್ತದೆ. ಎರಡಕ್ಕೂ ಪೆಟ್ಟು ಬೀಳುತ್ತದೆ. ಸಂಜೆಯಾಗುವಷ್ಟರಲ್ಲಿ ಒಳ್ಳೆಯ ಕೋಶ ನಿಂತು, ಅಂಟಿಸಿಕೊಂಡು, ಮರುದಿನದ ಹೊತ್ತಿಗೆ ಹೆಚ್ಚುಕಮ್ಮಿ ಸರಿಯಾಗಿರುತ್ತದೆ. ದಿನಕ್ಕೆ ಎರಡು ಸಲ ಕೊಡುವಾಗಲೂ ನಡುವೆ ಕಡೇಪಕ್ಷ 6 ಗಂಟೆ ಬಿಡುವುದು ಇದಕ್ಕೇ. ಹಲವು ಕ್ಯಾನ್ಸರ್ ಕೋಶಗಳಲ್ಲಿ ನಿಲ್ಲುವ ತಡೆಯೋ, ರಿಪೇರಿಯೋ ಕೆಟ್ಟಿರುತ್ತದೆ. ಅರ್ಧ ಮುರಿದದ್ದನ್ನು ಹೊತ್ತುಕೊಂಡೇ ಓಡುತ್ತವೆ. 30 ದಿನ ಹೀಗೇ ಆದರೆ ಸಣ್ಣ ವ್ಯತ್ಯಾಸ ದೊಡ್ಡದಾಗುತ್ತದೆ.

ಇನ್ನೆರಡು ಕಾರಣ ಇವೆ. ಕೋಶ ಎರಡಾಗುವ ಹೊತ್ತಿನಲ್ಲಿ ಕಿರಣಕ್ಕೆ ಬೇಗ ಸಿಕ್ಕುತ್ತದೆ, ನಕಲು ಮುಗಿಸುವ ಹೊತ್ತಿನಲ್ಲಿ ಗಟ್ಟಿಯಾಗಿರುತ್ತದೆ. ಇವತ್ತು ಗಟ್ಟಿಯಿದ್ದದ್ದು ನಾಳೆ ಮೆತ್ತಗೆ ಸಿಗಬಹುದು. ಮತ್ತೆ ಆಮ್ಲಜನಕ. ಗಡ್ಡೆಯ ನಡುವಿನ ಕೋಶಗಳಿಗೆ ರಕ್ತ ಸರಿಯಾಗಿ ಮುಟ್ಟುವುದಿಲ್ಲ. ಆಮ್ಲಜನಕ ಇಲ್ಲದ ಕೋಶ ಸಾಯಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ಹೊರಗಿನವು ಸತ್ತ ಹಾಗೆ ಒಳಗಿನವಕ್ಕೆ ಗಾಳಿ ಸಿಗುತ್ತದೆ, ಆಗ ಅವೂ ಸಿಕ್ಕಿಬೀಳುತ್ತವೆ.

ಎಲ್ಲರಿಗೂ ಏಳು ವಾರ ಅಂತ ಇಲ್ಲ. ಸ್ತನ ಕ್ಯಾನ್ಸರಿನಲ್ಲಿ 15 ದಿನದ ಲೆಕ್ಕವೂ ಚಾಲ್ತಿಯಲ್ಲಿದೆ. ಆದರೆ ಕೊಟ್ಟ ದಿನ ತಪ್ಪಿಸಬೇಡಿ. ಊರ ಜಾತ್ರೆ ಅಂತ ಒಬ್ಬರು ನಡುವೆ ಎಂಟು ದಿನ ಹೋಗಿ ಬಂದಿದ್ದರು. ಬಾಯಿ, ಗಂಟಲ ಕ್ಯಾನ್ಸರಿನಲ್ಲಿ ಕೆಲವು ವಾರ ಆದ ಮೇಲೆ ಉಳಿದ ಗಡ್ಡೆ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯಲು ಶುರು ಮಾಡುತ್ತವೆ. ಬಿಡುವು ಸಿಕ್ಕಿದ್ದು ಅವಕ್ಕೇ.

ಮೊದಲ ವಾರ ಏನೂ ಆಗಲಿಲ್ಲ. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ಡೋಸ್ ಜಾಸ್ತಿ ಮಾಡಿದ್ರಾ?

ಸಾಮಾನ್ಯವಾಗಿ ಅಲ್ಲ. ವಿಕಿರಣದ ಪೆಟ್ಟು ತಿಂದ ಕೋಶ ಅಲ್ಲೇ ಸಾಯುವುದು ಕಮ್ಮಿ. ಎರಡಾಗಲು ಹೋದಾಗ ಸಾಯುತ್ತದೆ. ಬಾಯಿಯ ಒಳಪದರ ದಿನಾ ಸವೆದು ಕೆಳಗಿನಿಂದ ಹೊಸದು ಬರುತ್ತಿರುತ್ತದೆ. ಮೇಲಿನದು ಇರುವ ತನಕ ನಿಮಗೆ ಗೊತ್ತಾಗುವುದಿಲ್ಲ. ಕೆಳಗಿನಿಂದ ಬರಬೇಕಾದದ್ದು ಬರದೇ ಇದ್ದಾಗ ಹುಣ್ಣು ಕಾಣುತ್ತದೆ. ಕೂದಲೂ ಹಾಗೇ, ಎರಡು ಮೂರು ವಾರ ಬಿಟ್ಟು ಉದುರುತ್ತದೆ, ಅದೂ ಕಿರಣ ಬಿದ್ದ ಜಾಗದಲ್ಲಿ ಮಾತ್ರ. ಬೇಗ ಬೇಗ ಎರಡಾಗುವ ಕೋಶಕ್ಕೇ ಕಿರಣ ಹೆಚ್ಚು ತಾಗುತ್ತದೆ ಅಂತ ಬರ್ಗೊನಿಯೆ, ಟ್ರಿಬೊಂಡೊ ಅನ್ನುವ ಇಬ್ಬರು ಫ್ರೆಂಚರು 1906ರಲ್ಲೇ ಹೇಳಿದ್ದರು. ಆಗ ಡಿಎನ್‌ಎಯ ಕೆಲಸ ಏನು ಅಂತಲೇ ಗೊತ್ತಿರಲಿಲ್ಲ!

ಈರುಳ್ಳಿಗೂ ವಿಕಿರಣ ಕೊಡ್ತಾರಂತೆ. ತಿನ್ನಬಹುದಾ?

ತಿನ್ನಿ. ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ 2002ರಿಂದ ಅದಕ್ಕೊಂದು ಘಟಕ ಇದೆ. ಈರುಳ್ಳಿ ಹೆಚ್ಚುವಾಗ ನಡುವಿನಲ್ಲಿ ಹಸಿರು ಮೊಳಕೆ ಕಾಣುತ್ತದಲ್ಲ, ಅದರ ಬುಡದ ಕೋಶಗಳು ಎರಡಾಗಲು ಕಾಯುತ್ತಿರುತ್ತವೆ. 100 ಗ್ರೇಗಿಂತ ಕಡಿಮೆ ಕೊಟ್ಟರೂ ಅವು ಇನ್ನು ಎರಡಾಗುವುದಿಲ್ಲ, ಮೊಳಕೆ ಬರುವುದಿಲ್ಲ. ಉಳಿದ ಪದರಗಳ ಕೋಶಗಳಿಗೆ ಎರಡಾಗುವ ಕೆಲಸವೇ ಇಲ್ಲ, ಹಾಗಾಗಿ ಈರುಳ್ಳಿ ಹಾಗೇ ಇರುತ್ತದೆ. ಬಾಯಿಯ ಹುಣ್ಣಿನ ಕಥೆಯೇ ಇಲ್ಲೂ. ನವಿ ಮುಂಬೈನ ವಾಶಿಯಲ್ಲಿ ಮಸಾಲೆ ಪದಾರ್ಥಗಳಿಗೆ ಸಾವಿರಾರು ಗ್ರೇ ಕೊಡುತ್ತಾರೆ, ಅದು ಕೀಟಾಣು ಕೊಲ್ಲಲು. ಯಾವುದರಲ್ಲೂ ವಿಕಿರಣ ಉಳಿಯುವುದಿಲ್ಲ.

ಅರಿಶಿನ ಹಾಲು, ವಿಟಮಿನ್ ಮಾತ್ರೆ ಕೊಟ್ಟರೆ ಒಳ್ಳೇದಲ್ವಾ?

ಅಡುಗೆಯ ಅರಿಶಿನಕ್ಕೆ ಯಾರ ಅಡ್ಡಿಯೂ ಇಲ್ಲ. ಮಾತ್ರೆ ಬೇರೆ. ಮೇಲೆ ಹೇಳಿದ ಪುಂಡ ರಾಡಿಕಲ್‌ಗಳನ್ನು ಹಿಡಿಯುವುದೇ ಈ ಆಂಟಿಆಕ್ಸಿಡೆಂಟ್ ಮಾತ್ರೆಗಳ ಕೆಲಸ. ಅವು ಗಡ್ಡೆಯನ್ನೂ ಕಾಪಾಡಿದರೆ? ಕೆನಡಾದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಿಗೆ ವಿಟಮಿನ್ ಇ ಮತ್ತು ಬೀಟಾ ಕೆರೋಟಿನ್ ಕೊಟ್ಟು ನೋಡಿದಾಗ ಅಡ್ಡಪರಿಣಾಮ ಕಮ್ಮಿಯಾಯಿತು, ಆದರೆ ಕ್ಯಾನ್ಸರ್ ಮರಳುವುದು ಜಾಸ್ತಿಯಾಗುವ ಸೂಚನೆ ಕಂಡಿತು. ಡಾಕ್ಟರಿಗೆ ಹೇಳದೆ ಏನೂ ಕೊಡಬೇಡಿ. ಬೀಡಿ, ಸಿಗರೇಟಂತೂ ನಿಲ್ಲಲೇಬೇಕು. ಹೊಗೆ ರಕ್ತದ ಆಮ್ಲಜನಕವನ್ನು ಕಮ್ಮಿ ಮಾಡುತ್ತದೆ. ಆಮ್ಲಜನಕ ಕಮ್ಮಿಯಾದರೆ ಗಡ್ಡೆಗೇ ಅನುಕೂಲ.

ಕ್ಯಾನ್ಸರ್ ವಾಸಿ ಮಾಡೋ ಕಿರಣವೇ ಕ್ಯಾನ್ಸರ್ ತರುತ್ತಂತೆ. ಮುಂದೆ ಹುಟ್ಟೋ ಮಕ್ಕಳಿಗೂ?

ಮೊದಲನೆಯದು ನಿಜ, ಆದರೆ ಅಪಾಯ ಸಣ್ಣದು. ತಪ್ಪಾಗಿ ಅಂಟಿಯೂ ಬದುಕಿಬಿಟ್ಟ ಒಂದು ಕೋಶ ವರ್ಷಗಳ ನಂತರ ದಾರಿ ತಪ್ಪಬಹುದು. ಇವತ್ತು ಇರುವ ಕ್ಯಾನ್ಸರಿನ ಎದುರು ಅದನ್ನು ತೂಗಿ ನೋಡಿಯೇ ಚಿಕಿತ್ಸೆ ಕೊಡುತ್ತಾರೆ. ಮಕ್ಕಳಲ್ಲಿ ಆ ತಕ್ಕಡಿಯನ್ನು ಇನ್ನೂ ಹುಷಾರಾಗಿ ಹಿಡಿಯುತ್ತಾರೆ.

ಎರಡನೆಯದರ ಬಗ್ಗೆ: ಎಕ್ಸ್-ರೇಯಿಂದ ನೊಣಗಳ ಸಂತಾನದಲ್ಲಿ ಬದಲಾವಣೆ ಆಗುತ್ತದೆ ಅಂತ ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದರು. ಆದರೆ ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ 70 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಟ್ಟಲೆ ನೋಡಿದರೂ ಅಂಥ ಹೆಚ್ಚಳ ಸ್ಪಷ್ಟವಾಗಿ ಕಂಡಿಲ್ಲ. ಹೊಟ್ಟೆಯಲ್ಲಿ ಮಗು ಇರುವಾಗ ಕಿರಣ ಬೀಳುವುದು ಬೇರೆಯೇ ವಿಷಯ. ಬಸುರಿ ಇರಬಹುದು ಅಂತ ಸಂಶಯ ಇದ್ದರೂ ಮೊದಲೇ ಹೇಳಬೇಕು, ನಾಚಿಕೆ ಬೇಡ.

## ಸ್ವಲ್ಪ ಆಳಕ್ಕೆ

ನಮ್ಮ ಅತ್ತಿಗೆಗೆ ಬಿಆರ್‌ಸಿಎ ಪಾಸಿಟಿವ್ ಅಂತ ಬಂದಿದೆ. ಅದಕ್ಕೆ ಪಾರ್ಪ್ ಮಾತ್ರೆ ಅಂತಾರೆ. ರಿಪೇರಿ ಕೆಟ್ಟವರಿಗೆ ರಿಪೇರಿ ನಿಲ್ಲಿಸೋ ಮಾತ್ರೆ ಯಾಕೆ?

ಕಾಲೇಜು ಓದುವ ಹುಡುಗಿ ಕೇಳಿದ್ದು. ಶಹಬ್ಬಾಸ್ ಅನ್ನಿಸಿತು. ಪಾರ್ಪ್ ಅನ್ನುವುದು ಒಂದೆಳೆ ಹರಿದದ್ದನ್ನು ಸರಿಮಾಡಲು ಬೇಕಾದ ಪ್ರೋಟೀನ್. ಅದನ್ನು ಕಟ್ಟಿಹಾಕಿದರೆ ಒಂದೆಳೆಯ ಗಾಯ ಹಾಗೇ ಉಳಿದು, ನಕಲಿನ ಹೊತ್ತಿಗೆ ಎರಡೆಳೆಯ ತುಂಡಾಗುತ್ತದೆ. ಮೈಯ ಮಾಮೂಲಿ ಕೋಶಗಳಲ್ಲಿ ಬಿಆರ್‌ಸಿಎ ಜೀನಿನ ಒಂದು ಪ್ರತಿ ಕೆಟ್ಟರೂ ಇನ್ನೊಂದು ಚೆನ್ನಾಗಿದೆ, ಝೆರಾಕ್ಸ್ ನೋಡಿ ಸರಿಮಾಡಿಕೊಳ್ಳುತ್ತವೆ. ಗಡ್ಡೆಯ ಕೋಶ ಆ ಎರಡನೆಯದನ್ನೂ ಕಳೆದುಕೊಂಡಿರುತ್ತದೆ. ಎರಡೂ ಬಾಗಿಲು ಮುಚ್ಚಿದ್ದು ಅದಕ್ಕೆ ಮಾತ್ರ. 2005ರಲ್ಲಿ ಎರಡು ತಂಡಗಳು ಇದನ್ನು ಒಟ್ಟಿಗೆ ತೋರಿಸಿದವು. ಒಲಾಪರಿಬ್ ಅನ್ನುವ ಮಾತ್ರೆ ಹೀಗೆ ಕೆಲಸ ಮಾಡುತ್ತದೆ.

ಖಾರ್‌ಘರ್‌ನಲ್ಲಿ ಪ್ರೋಟಾನ್ ಬಂದಿದೆಯಲ್ಲ, ಅದರ ಪೆಟ್ಟು ಜೋರಾ?

ಅಂಥ ಜೋರೇನಲ್ಲ. ಪ್ರೋಟಾನ್ ಅಂದರೆ ಪರಮಾಣುವಿನ ನಡುವೆ ಇರುವ ಒಂದು ಕಣ, ಎಕ್ಸ್-ರೇ ಬದಲು ಅದನ್ನು ಹಾಯಿಸುತ್ತಾರೆ. ಡಿಎನ್‌ಎಗೆ ಅದರ ಪೆಟ್ಟು ಎಕ್ಸ್-ರೇಗಿಂತ ಸುಮಾರು ಹತ್ತು ಪರ್ಸೆಂಟ್ ಜಾಸ್ತಿ ಅಂತ ಲೆಕ್ಕ ಹಿಡಿಯುತ್ತಾರೆ. ಅದರ ಗುಣ ಇರುವುದು ನಿಲ್ಲುವುದರಲ್ಲಿ. ಎಕ್ಸ್-ರೇ ಆಚೆ ಹಾಯ್ದು ಹೋಗುತ್ತದೆ. ಪ್ರೋಟಾನ್ ಗಡ್ಡೆಯ ಹತ್ತಿರ ತನ್ನ ಶಕ್ತಿಯನ್ನೆಲ್ಲ ಇಳಿಸಿ ಅಲ್ಲೇ ನಿಲ್ಲುತ್ತದೆ, ಹಿಂದಿನ ಅಂಗ ಉಳಿಯುತ್ತದೆ. ಟಾಟಾದವರು ಖಾರ್‌ಘರ್‌ನಲ್ಲಿ 2023ರಲ್ಲಿ ಇದನ್ನು ಶುರು ಮಾಡಿದರು. ಪೆಟ್ಟೇ ಜೋರಾಗಿರುವುದು ಕಾರ್ಬನ್, ಆಲ್ಫಾ ಕಣಗಳದ್ದು. ಅವು ಒಂದೇ ಜಾಗದಲ್ಲಿ ನಾಲ್ಕಾರು ಗಾಯ ಒಟ್ಟಿಗೆ ಮಾಡುತ್ತವೆ. ಅಂಟಿಸಲು ನೆಟ್ಟಗಿನ ತುದಿಯೇ ಸಿಗುವುದಿಲ್ಲ.

ಸ್ವಲ್ಪ ವಿಕಿರಣ ಮೈಗೆ ಒಳ್ಳೇದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಹೌದಾ?

ಅದರ ಬೇರು 1984ರ ಒಂದು ಪ್ರಯೋಗ. ರಕ್ತದ ಕೋಶಗಳಿಗೆ ಮೊದಲು ತೀರಾ ಸ್ವಲ್ಪ ವಿಕಿರಣ ತಾಗಿಸಿ, ಆಮೇಲೆ ಜೋರಾಗಿ ಕೊಟ್ಟರೆ ಕ್ರೋಮೋಸೋಮ್ ಮುರಿತ ಕಮ್ಮಿ ಬಂತು. ರಿಪೇರಿಯವರು ಮೊದಲೇ ಎಚ್ಚರವಾಗಿದ್ದರು ಅನ್ನೋಣ. ಕೇರಳದ ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಥೋರಿಯಂ ಇದೆ. ಅಲ್ಲಿನವರಿಗೆ ಸರಾಸರಿಗಿಂತ ಹಲವು ಪಟ್ಟು ವಿಕಿರಣ ತಾಗಿದರೂ ಕ್ಯಾನ್ಸರ್ ಹೆಚ್ಚಿರುವುದು ಕಂಡಿಲ್ಲ. ಆದರೆ ‘ಹೆಚ್ಚಿಲ್ಲ’ ಅನ್ನುವುದಕ್ಕೂ ‘ಒಳ್ಳೇದು’ ಅನ್ನುವುದಕ್ಕೂ ಬಹಳ ದೂರ. ಕಾಯ್ದೆ ಮಾಡುವವರು ಈಗಲೂ, ಎಷ್ಟೇ ಕಮ್ಮಿಯಾದರೂ ಅಷ್ಟಕ್ಕಷ್ಟು ಅಪಾಯ ಇದೆ ಅಂತಲೇ ಲೆಕ್ಕ ಹಾಕುತ್ತಾರೆ. ನಾನೂ ಹಾಗೇ ಬದುಕಿದವಳು.

ಸಾವಿರಾರು ಗ್ರೇ ಕೊಟ್ಟರೂ ಸಾಯದ ಕ್ರಿಮಿ ಇದೆ ಅಂತಾರೆ, ನಿಜಾನಾ?

ಡೀನೋಕಾಕಸ್. 1956ರಲ್ಲಿ ಅಮೆರಿಕದಲ್ಲಿ, ಕಿರಣ ಕೊಟ್ಟೂ ಕೆಟ್ಟುಹೋದ ಮಾಂಸದ ಡಬ್ಬಿಯಲ್ಲಿ ಸಿಕ್ಕಿತು. 5000 ಗ್ರೇ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದರ ಡಿಎನ್‌ಎ ಮುರಿಯುವುದಿಲ್ಲ ಅಂತಲ್ಲ, ನೂರಾರು ಚೂರಾಗುತ್ತದೆ. ಕೆಲವು ಗಂಟೆಗಳಲ್ಲಿ ಚೂರುಗಳನ್ನು ಒಂದರ ಮೇಲೊಂದು ಹೊಂದಿಸಿ ಮತ್ತೆ ಇಡಿಯಾಗಿ ಕಟ್ಟುತ್ತದೆ. ಒಂದೇ ಡಿಎನ್‌ಎಯ ಹಲವು ಪ್ರತಿ ಇಟ್ಟುಕೊಂಡಿರುವುದು, ರಿಪೇರಿ ಮಾಡುವ ಪ್ರೋಟೀನುಗಳನ್ನು ಮ್ಯಾಂಗನೀಸಿನ ಬಲದಿಂದ ಕಾಪಾಡಿಕೊಳ್ಳುವುದು ಅದರ ಗುಟ್ಟು. ಟ್ರಾಂಬೆಯಲ್ಲೂ ಇದರ ಮೇಲೆ ಬಹಳ ಕೆಲಸ ಆಗಿದೆ.

ಅಕ್ಕಾ, ಇಷ್ಟು ವರ್ಷ ಅಲ್ಲೇ ಇದ್ರಲ್ಲ, ನಿಮ್ಮ ರಕ್ತ ನೋಡಿಕೊಂಡಿದ್ದೀರಾ?

ನೋಡಿಕೊಂಡಿದ್ದೇನೆ, ಎರಡನೇ ಯತ್ನದಲ್ಲಿ. ಮೊದಲ ಸಲ ಕಲ್ಚರ್ ಇಟ್ಟದ್ದು 2005ರ ಜುಲೈ 25ರಂದು. 48 ಗಂಟೆ ಆದ ಮೇಲೆ ತೆಗೆಯಬೇಕು. ಮರುದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಕರೆಂಟ್ ಹೋಯಿತು, ಇನ್‌ಕ್ಯುಬೇಟರ್ ತಣ್ಣಗಾಯಿತು. ನಾನು ಕುರ್ಲಾ ಹತ್ತಿರ ಸೊಂಟದುದ್ದ ನೀರಿನಲ್ಲಿ. ಲ್ಯಾಬಿಗೆ ಹೋಗುವಷ್ಟರಲ್ಲಿ ಬಾಟಲಿಯಲ್ಲಿ ಬದುಕಿದ ಕೋಶ ಒಂದೂ ಇರಲಿಲ್ಲ.

ಎರಡು ತಿಂಗಳು ಬಿಟ್ಟು ಮತ್ತೆ ಇಟ್ಟೆ. ನನ್ನ ರಕ್ತ ಅಂತ ಗೊತ್ತಿದ್ದರೆ ಕಣ್ಣು ಮೋಸ ಮಾಡಬಹುದು ಅಂತ ಸಹೋದ್ಯೋಗಿಯೊಬ್ಬಳು ಸ್ಲೈಡಿಗೆ ಬರೀ ನಂಬರ್ ಹಾಕಿ ಬೇರೆಯವರ ಸ್ಲೈಡುಗಳ ನಡುವೆ ಸೇರಿಸಿಟ್ಟಳು. ವಿಕಿರಣದ ಹತ್ತಿರ ಹೋಗದವರಲ್ಲೂ ಸಾವಿರ ಕೋಶಕ್ಕೆ ಒಂದರಷ್ಟು ಎರಡು ಸೊಂಟದ್ದು ಸಿಗುತ್ತದೆ. ನಾನು ಸಾವಿರ ಎಣಿಸಿದೆ. ಸಿಕ್ಕಿದ್ದು ಒಂದೇ, ಎಡಗಡೆಯ ಅಂಚಿನಲ್ಲಿ, ಸ್ವಲ್ಪ ಸೊಟ್ಟಗೆ ಬಿದ್ದಿತ್ತು.